ದೂರದೇಶದ ವಿದ್ಯಾರ್ಥಿಯೂ ನಮ್ಮ ನಾಡಿನ ನಿಲಯಗಳೂ

ವಿದ್ಯೆಯನ್ನು ಅರಸಿಕೊಂಡು ಸ್ವಗ್ರಾಮವನ್ನು ಬಿಟ್ಟು ಹೊರಟವನಿಗೆ ಗುರುದರ್ಶನಕ್ಕಿಂತ ಮೊದಲು ಎರಡು ವಸ್ತುಗಳು ಬೇಕಾಗುವವು. ರಾತ್ರಿ ತಲೆಯೂರುವದಕ್ಕೆ ಒಂದು ತಾವು. ಹಸಿದಾಗ ಒಂದು ತುತ್ತು ಅನ್ನ. ಇವೆರಡೂ ದೊರೆಯದಿದ್ದರೆ ಎಂತಹ ಮೇಧಾವಿಯಾದರೂ ಮೂರು ದಿನಗಳಲ್ಲಿ ಊರಿನ ದಾರಿ ಹಿಡಿಯುವನು. ಆದರೂ ವಿದ್ಯೆಯ ಇತಿಹಾಸವನ್ನು ಬರೆಯುವವರು ಗುರುಗಳನ್ನೂ ಗ್ರಂಥಗಳನ್ನೂ ದಾನವಿತ್ತ ಅರಸರನ್ನೂ ವರ್ಣಿಸುವಷ್ಟು ಆದರದಿಂದ ವಿದ್ಯಾರ್ಥಿಯು ಮಲಗಿದ ಕೋಣೆಯನ್ನೂ ಉಂಡ ಪಂಕ್ತಿಯನ್ನೂ ವರ್ಣಿಸುವದು ಅಪೂರ್ವ. ಮಠಗಳ ಭಕ್ತರಿಗಾದರೋ ಈ ವಿಷಯವು ಅಪರಿಚಿತವಲ್ಲ. ಒಲೆಯ ಬೆಂಕಿಯನ್ನು ಆರಗೊಡದಿರುವದೇ ಒಂದು ಪೂಜೆಯೆಂದು ತಿಳಿದ ಪರಂಪರೆ ಅವರದು. ಆದಕಾರಣ ದೂರದಿಂದ ಬಂದ ವಿದ್ಯಾರ್ಥಿಗೆ ನಮ್ಮ ನಾಡಿನಲ್ಲಿ ನೆಲೆ ದೊರೆತ ಬಗೆಯನ್ನು ಈ ಸಂಪುಟದಲ್ಲಿ ಸ್ವಲ್ಪ ವಿಚಾರಿಸುವದು ಉಚಿತವಾಗಿ ತೋರುವದು.

ಈ ಕಾಲದಲ್ಲಿ ಅಂತರರಾಷ್ಟ್ರೀಯ ವಿದ್ಯಾರ್ಥಿ ನಿಲಯವೆಂಬ ಸಂಸ್ಥೆಗಳು ಲೋಕದ ದೊಡ್ಡ ವಿದ್ಯಾಕೇಂದ್ರಗಳಲ್ಲಿ ಪ್ರಸಿದ್ಧವಾಗಿವೆ. ಲಾಭದ ಉದ್ದೇಶವಿಲ್ಲದೆ, ನಾನಾ ದೇಶಗಳ ತರುಣ ತರುಣಿಯರು ಒಂದೇ ಮಾಡಿನ ಕೆಳಗೆ ವಾಸಿಸಿ, ಒಂದೇ ಭೋಜನಶಾಲೆಯಲ್ಲಿ ಉಂಡು, ಒಬ್ಬರ ಹಾಡು ಹಬ್ಬ ನಡೆನುಡಿಗಳನ್ನು ಇನ್ನೊಬ್ಬರು ತಿಳಿದುಕೊಳ್ಳಬೇಕೆಂಬದು ಅವುಗಳ ಧ್ಯೇಯ. ಪ್ಯಾರಿಸ್ ನಗರದಲ್ಲಿ 1925ರಲ್ಲಿಯೂ, ನ್ಯೂಯಾರ್ಕಿನಲ್ಲಿ 1924ರಲ್ಲಿಯೂ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1930ರಲ್ಲಿಯೂ, ಶಿಕಾಗೋದಲ್ಲಿ 1932ರಲ್ಲಿಯೂ ಇಂತಹ ನಿಲಯಗಳು ಬಾಗಿಲು ತೆರೆದವು. ಇದನ್ನು ಕೇಳಿದವರು ಇದು ಪಾಶ್ಚಾತ್ಯರ ನೂತನ ಕಲ್ಪನೆಯೆಂದು ಭಾವಿಸುವದು ಸಹಜ. ಇನ್ನು ಕೆಲವರು ಇವೆಲ್ಲವೂ ನಮ್ಮಲ್ಲಿ ಪೂರ್ವಕಾಲದಲ್ಲಿಯೇ ಇದ್ದವೆಂದು ಹೆಮ್ಮೆಪಟ್ಟು ಸುಮ್ಮನಾಗುವರು. ಈ ಎರಡೂ ಮಾತುಗಳು ಅರ್ಧ ಸತ್ಯಗಳು. ನಿಜಾಂಶವನ್ನು ತಿಳಿಯಬೇಕಾದರೆ ಪ್ರತಿಯೊಂದು ನಿಲಯವನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳಬೇಕು. ಅಲ್ಲಿಯ ಧಾನ್ಯವು ಯಾರ ಕೈಯಿಂದ ಬಂದಿತು? ಅಲ್ಲಿಯ ಬಾಗಿಲು ಯಾರಿಗೆ ತೆರೆಯಿತು?

ಭಾರತದಲ್ಲಿ ಪರದೇಶದ ವಿದ್ಯಾರ್ಥಿಗಳಿಗೆಂದು ಕಟ್ಟಿದ ವಸತಿಗೆ ನಾಲಂದೆಯು ಪ್ರಾಚೀನ ದೃಷ್ಟಾಂತವಾಗಿದೆ. ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಏಳನೆಯ ಶತಮಾನದಲ್ಲಿ ಅಲ್ಲಿ ವಿದ್ಯಾರ್ಥಿಯಾಗಿದ್ದನು. ಕನ್ನಡ ನಾಡಿನ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕುರಿತು ಬರೆದವನೂ ಆತನೇ. ಒಂಭತ್ತನೆಯ ಶತಮಾನದಲ್ಲಿ ಸುವರ್ಣದ್ವೀಪದ ಅರಸನಾದ ಬಾಲಪುತ್ರದೇವನು ನಾಲಂದೆಯಲ್ಲಿ ಒಂದು ವಿಹಾರವನ್ನು ಕಟ್ಟಿಸಿದನು. ಅದರ ಪೋಷಣೆಗಾಗಿ ಪಾಲವಂಶದ ದೇವಪಾಲನು ಐದು ಗ್ರಾಮಗಳನ್ನು ಬಿಟ್ಟುಕೊಟ್ಟನೆಂದು ತಾಮ್ರಶಾಸನವು ಹೇಳುವದು. ಕಟ್ಟಡವನ್ನು ಕಡಲಾಚೆಯ ಅರಸನು ಕಟ್ಟಿಸಲು, ಅನ್ನವನ್ನು ಈ ನೆಲದ ಅರಸನು ಒದಗಿಸಿದನು. ಎರಡು ದೇಶಗಳು ಕೂಡಿ ನಡೆಸಿದ ಈ ಕಾರ್ಯಕ್ಕೆ ಸಮಾನವಾದದ್ದು ಆ ಕಾಲದಲ್ಲಿ ವಿರಳವೆಂದೇ ಹೇಳಬೇಕು.

ಕನ್ನಡ ನಾಡಿಗೆ ಬಂದರೆ ನಮ್ಮ ಕಣ್ಣಿಗೆ ಮೊದಲು ಬೀಳುವದು ಸಾಲೋಟಗಿ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಈ ಊರು ಈಗ ಶಿವಯೋಗೇಶ್ವರರ ಕ್ಷೇತ್ರವೆಂದು ಭಕ್ತರಿಗೆ ಪರಿಚಿತವಾಗಿದೆ. ಪೂರ್ವದಲ್ಲಿ ಇದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ್ದನೆಂದು ಕ್ರಿ. ಶ. 945ರ ಸ್ತಂಭಶಾಸನದಿಂದ ತಿಳಿಯುವದು. ನಾನಾ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ಅಲ್ಲಿ ವಾಸಿಸುತ್ತಿದ್ದರು. ಅವರ ಜೀವನಕ್ಕಾಗಿ ಐದುನೂರು ನಿವರ್ತನ ಭೂಮಿ, ವಾಸಕ್ಕಾಗಿ ಇಪ್ಪತ್ತೇಳು ಮನೆಗಳು, ರಾತ್ರಿಯ ದೀಪಕ್ಕಾಗಿ ಹನ್ನೆರಡು ನಿವರ್ತನ, ಉಪಾಧ್ಯಾಯನಿಗೆ ಐವತ್ತು ನಿವರ್ತನವೂ ಒಂದು ಮನೆಯೂ ದತ್ತವಾಗಿದ್ದವು. ದೀಪದ ಎಣ್ಣೆಗೂ ಪ್ರತ್ಯೇಕವಾಗಿ ಭೂಮಿಯನ್ನು ಬಿಟ್ಟವರು ವಿದ್ಯಾರ್ಥಿಯ ಕಷ್ಟವನ್ನು ಚೆನ್ನಾಗಿ ಬಲ್ಲವರಾಗಿರಬೇಕು.

ಆದರೆ ಈ ಶಾಸನದಲ್ಲಿ ಭೂದಾನಕ್ಕಿಂತಲೂ ಮನಸ್ಸನ್ನು ಸೆಳೆಯುವ ಇನ್ನೊಂದು ಭಾಗವುಂಟು. ಊರಲ್ಲಿ ಮದುವೆಯಾದರೆ ಐದು ನಾಣ್ಯಗಳನ್ನೂ, ಉಪನಯನವಾದರೆ ಎರಡೂವರೆಯನ್ನೂ, ಚೌಲವಾದರೆ ಅದಕ್ಕಿಂತ ಕಡಿಮೆಯಾದ ಒಂದು ಮೊತ್ತವನ್ನೂ ಶಾಲೆಗೆ ಸಲ್ಲಿಸಬೇಕೆಂದು ಊರವರು ಕಟ್ಟುಮಾಡಿಕೊಂಡಿದ್ದರು. ಊರಲ್ಲಿ ಸಂತರ್ಪಣೆ ನಡೆದರೆ ಶಾಲೆಯವರನ್ನೂ ಶಕ್ತ್ಯನುಸಾರವಾಗಿ ಉಣಿಸಬೇಕಾಗಿತ್ತು. ಎಲ್ಲಿಯದೋ ಜನಪದದಿಂದ ಬಂದ ಹುಡುಗನಿಗೆ ಪಾವಿಟ್ಟಗೆಯ ಪ್ರತಿಯೊಂದು ಮನೆಯ ಮಂಗಲಕಾರ್ಯದಲ್ಲಿಯೂ ಒಂದು ಪಾಲು ಇದ್ದಿತೆಂಬದೇ ಇದರ ತಾತ್ಪರ್ಯ. ಮಂತ್ರಿಯು ಕಟ್ಟಡವನ್ನು ಕೊಟ್ಟನು. ಪರದೇಶದ ಹುಡುಗನನ್ನು ಊರಿನ ಹುಡುಗನನ್ನಾಗಿ ಮಾಡಿದವರು ಊರ ಗೃಹಸ್ಥರು.

ಇದರ ತರುವಾಯ ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಬಳಿಯಲ್ಲಿರುವ ನಾಗಾವಿಯ ಘಟಿಕಾಸ್ಥಾನವನ್ನು ಸ್ಮರಿಸಬೇಕು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು 1058ರಲ್ಲಿ ಇದಕ್ಕೆ ವ್ಯವಸ್ಥೆ ಮಾಡಿದನು. ವೇದವನ್ನು ಓದುವ ಇನ್ನೂರು ಮಂದಿಗೂ ಶಾಸ್ತ್ರವನ್ನು ಓದುವ ಸುಮಾರು ಐವತ್ತು ಮಂದಿಗೂ ಅಲ್ಲಿ ಆಶ್ರಯವಿದ್ದಿತು. ಉಪಾಧ್ಯಾಯರಲ್ಲದೆ ಪುಸ್ತಕಗಳನ್ನು ಕಾಯುವದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗಳೂ ನೇಮಕವಾಗಿದ್ದರು. ಒಂಭೈನೂರು ವರುಷಗಳ ಹಿಂದೆಯೇ ಆರು ಮಂದಿ ಗ್ರಂಥಪಾಲಕರುಳ್ಳ ವಸತಿ ವಿದ್ಯಾಲಯವು ನಮ್ಮಲ್ಲಿದ್ದಿತೆಂಬದು ಸಾಮಾನ್ಯ ಸಂಗತಿಯಲ್ಲ.

ಹೀಗಿದ್ದರೂ ಸತ್ಯವನ್ನು ಮರೆಮಾಚಲಾಗದು. ಸಾಲೋಟಗಿಯ ಶಾಲೆಯಾಗಲಿ ನಾಗಾವಿಯ ಘಟಿಕಾಸ್ಥಾನವಾಗಲಿ ದೇಶದ ದೂರವನ್ನು ಲೆಕ್ಕಿಸಲಿಲ್ಲ. ಆದರೆ ಜನ್ಮದ ದೂರವನ್ನು ಲೆಕ್ಕಿಸಿದವು. ವೇದಾಧ್ಯಯನಕ್ಕಾಗಿ ಏರ್ಪಟ್ಟ ಅಲ್ಲಿಯ ಬಾಗಿಲು ಅಗ್ರಹಾರದ ಬಾಗಿಲಾಗಿದ್ದಿತು. ನೂರು ಗಾವುದದ ಆಚೆಯಿಂದ ಬಂದ ದ್ವಿಜಕುಮಾರನು ಒಳಕ್ಕೆ ಹೋಗಬಹುದಾಗಿದ್ದ ಆ ಮನೆಯೊಳಕ್ಕೆ ಅದೇ ಊರಿನ ಹೊಲವನ್ನು ಉತ್ತು ಆ ಐದುನೂರು ನಿವರ್ತನದ ಬೆಳೆಯನ್ನು ತೆಗೆದವನ ಮಗನು ವಿದ್ಯಾರ್ಥಿಯಾಗಿ ಪ್ರವೇಶಿಸುವಂತಿರಲಿಲ್ಲ. ನಮ್ಮ ಪೂರ್ವದ ವೈಭವವನ್ನು ಹೊಗಳುವಾಗ ಈ ಕೊರತೆಯನ್ನೂ ಕಾಣಬೇಕು. ಇಲ್ಲವಾದರೆ ಮುಂದೆ ಬಂದ ಶರಣರ ಕಾರ್ಯದ ಬೆಲೆಯು ನಮಗೆ ತಿಳಿಯಲಾರದು.

ಈ ಬಾಗಿಲು ಸ್ವಲ್ಪಮಟ್ಟಿಗೆ ಅಗಲವಾದದ್ದನ್ನು ಬಳ್ಳಿಗಾವೆಯಲ್ಲಿ ಕಾಣುತ್ತೇವೆ. ಅಲ್ಲಮಪ್ರಭುವಿನ ಜನ್ಮಸ್ಥಳವೆಂದು ಖ್ಯಾತವಾದ ಆ ಪಟ್ಟಣದಲ್ಲಿ ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಕಾಳಾಮುಖ ಶೈವಾಚಾರ್ಯರ ಪೀಠವಾಗಿದ್ದಿತು. ಕೆರೆಯ ಕೋಡಿಯ ಬಳಿಯಲ್ಲಿದ್ದುದರಿಂದ ಅದಕ್ಕೆ ಆ ಹೆಸರು. ಬಸವಣ್ಣನವರ ಕಾಲದ ಬಿಜ್ಜಳನೇ ದಾನವಿತ್ತ 1162ರ ಶಾಸನದಲ್ಲಿ ಈ ಮಠದ ವರ್ಣನೆಯುಂಟು. ನಾಲ್ಕು ವೇದಗಳು, ಪಾಣಿನಿ ಶಾಕಟಾಯನಾದಿಗಳ ವ್ಯಾಕರಣ, ಷಡ್ದರ್ಶನ, ಲಾಕುಲ ಸಿದ್ಧಾಂತ, ಯೋಗಶಾಸ್ತ್ರ, ಪುರಾಣ, ಕಾವ್ಯ ನಾಟಕಗಳು ಅಲ್ಲಿ ಅಧ್ಯಯನದ ವಿಷಯಗಳಾಗಿದ್ದವು. ಅದರೊಡನೆ ದೀನರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ, ಹಾಡುವವರಿಗೂ ವಾದ್ಯ ನುಡಿಸುವವರಿಗೂ ಕಥೆ ಹೇಳುವವರಿಗೂ ನರ್ತಕರಿಗೂ, ಜೈನ ಕ್ಷಪಣಕರಿಗೂ ಏಕದಂಡಿ ತ್ರಿದಂಡಿಗಳಿಗೂ, ನಾನಾ ದೇಶಗಳಿಂದ ಬರುವ ಭಿಕ್ಷುಗಳಿಗೂ ಅನ್ನವಿಡುವ ಸ್ಥಾನವದು. ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೂ ಅದೇ. ಪರಮತದ ಸಂನ್ಯಾಸಿಗಳನ್ನು ಹೆಸರಿಸಿ ಕರೆದು ಉಣಿಸುವದಾಗಿ ಕಲ್ಲಿನ ಮೇಲೆ ಕೊರೆಯಿಸಿದ ಮಠವದು. ವಿದ್ಯೆ, ಕಲೆ, ವೈದ್ಯ, ಅನ್ನ ಈ ನಾಲ್ಕೂ ಒಂದೇ ಪ್ರಾಕಾರದೊಳಗೆ ಕೂಡಿದ್ದರಿಂದ ಇಂದಿನ ಅಂತರರಾಷ್ಟ್ರೀಯ ನಿಲಯಗಳ ಪೂರ್ವಜನನ್ನು ಹುಡುಕುವವರು ಈ ಕೋಡಿಯ ಮಠದ ಮುಂದೆ ನಿಲ್ಲಬೇಕಾಗುವದು.

ಅದೇ ಕಾಲದಲ್ಲಿ ಕಲ್ಯಾಣದಲ್ಲಿ ನಡೆದುದನ್ನು ಈ ಸಂಪುಟದ ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರೂ, ಸೌರಾಷ್ಟ್ರದಿಂದ ಆದಯ್ಯನವರೂ, ಇನ್ನೂ ದೂರದ ಪಡುವಣ ಸೀಮೆಯಿಂದ ಮರುಳಶಂಕರದೇವರೂ ಬಂದು ಶರಣರ ಸಂಗವನ್ನು ಸೇರಿದರೆಂದು ಪರಂಪರೆಯು ಹೇಳುತ್ತದೆ. ಇಲ್ಲಿ ಗಮನಿಸತಕ್ಕ ವಿಶೇಷವೇನೆಂದರೆ, ದೂರದೇಶದವನನ್ನೂ ಸಮೀಪದ ಸಮಗಾರನನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದ್ದು. ಪರದೇಶಿಯನ್ನು ಆದರಿಸುವದು ಅನೇಕ ಅರಸರಿಗೆ ಸಾಧ್ಯವಾಗಿತ್ತು; ನೆರೆಯ ಕೇರಿಯವನನ್ನು ಆದರಿಸುವದು ಅದಕ್ಕಿಂತ ಕಠಿನ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ನಿಯಮದಿಂದ ಅನ್ನದ ಮೂಲವೂ ಬದಲಾಯಿತು. ಅರಸನ ಭಂಡಾರವನ್ನು ನೋಡುತ್ತಿದ್ದ ಕಣ್ಣುಗಳು ದುಡಿಯುವವರ ಕೈಗಳನ್ನು ನೋಡತೊಡಗಿದವು.

ಅರಸನ ಭಂಡಾರವನ್ನೇ ನಂಬಿದರೆ ಏನಾಗುವದೆಂಬದಕ್ಕೆ ನಮ್ಮ ಹಂಪೆಯಲ್ಲಿಯೇ ಒಂದು ನಿದರ್ಶನವುಂಟು. ಪಾರಸಿಕ ದೇಶದಿಂದ ರಾಯಭಾರಿಯಾಗಿ ಅಬ್ದುರ್ ರಜಾಕನು 1443ರಲ್ಲಿ ವಿಜಯನಗರಕ್ಕೆ ಬಂದಾಗ ಇಮ್ಮಡಿ ದೇವರಾಯನು ಆತನಿಗೆ ಒಳ್ಳೆಯ ಬಿಡಾರವನ್ನು ಕೊಡಿಸಿ, ದಿನವೊಂದಕ್ಕೆ ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ ಮೊದಲಾದುವನ್ನು ನಿಯಮಿಸಿದನು. ಕೆಲವು ಕಾಲದ ಮೇಲೆ ಹೊರ್ಮೂಜದ ವ್ಯಾಪಾರಿಗಳು ಈತನು ನಿಜವಾದ ರಾಯಭಾರಿಯಲ್ಲವೆಂದು ಸುದ್ದಿ ಹಬ್ಬಿಸಲು, ಅಧಿಕಾರದಲ್ಲಿದ್ದವನು ಆ ಪಡಿಯನ್ನೇ ನಿಲ್ಲಿಸಿಬಿಟ್ಟನೆಂದು ರಜಾಕನು ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ. ರಾಯಭಾರಿಯ ಸ್ಥಿತಿಯೇ ಹೀಗಾದ ಮೇಲೆ ಬಡ ವಿದ್ಯಾರ್ಥಿಯ ಪಾಡೇನು? ಒಬ್ಬನ ಕೃಪೆಯಿಂದ ಬರುವ ಅನ್ನವು ಒಬ್ಬನ ಮುನಿಸಿನಿಂದ ನಿಂತುಹೋಗುವದು.

ವಿಜಯನಗರವು ಅಳಿದ ಬಳಿಕ ಕನ್ನಡ ನಾಡು ಕ್ರಮೇಣ ಹರಿದು ಹಂಚಿಹೋಯಿತು. ಆಂಗ್ಲರ ಕಾಲದಲ್ಲಿ ಬಳ್ಳಾರಿ ಮದರಾಸು ಪ್ರಾಂತಕ್ಕೆ, ಧಾರವಾಡ ಬೆಳಗಾವಿ ವಿಜಯಪುರಗಳು ಮುಂಬಯಿ ಪ್ರಾಂತಕ್ಕೆ, ರಾಯಚೂರು ಕಲಬುರ್ಗಿಗಳು ನಿಜಾಮನಿಗೆ ಸೇರಿದ್ದವು. ಮೈಸೂರು ಬೇರೆಯೇ ಸಂಸ್ಥಾನ, ಸಂಡೂರು ಇನ್ನೊಂದು ಸಂಸ್ಥಾನ. ತುಂಗಭದ್ರೆಯ ಈಚೆಯ ದಡದ ಹುಡುಗನು ಆಚೆಯ ದಡದ ವಿದ್ಯಾಲಯಕ್ಕೆ ಹೋದರೆ ಬೇರೆ ಸರಕಾರದ, ಬೇರೆ ಪಠ್ಯಕ್ರಮದ, ಬೇರೆ ಆಡಳಿತ ಭಾಷೆಯ ಸೀಮೆಗೆ ಹೋದಂತಾಗುತ್ತಿತ್ತು. ಬಳ್ಳಾರಿಯ ಬಹುಭಾಗವು ಮೈಸೂರನ್ನು ಸೇರಿದ್ದು 1953ರಲ್ಲಿ. ನಾಡು ಒಂದಾದದ್ದು 1956ರಲ್ಲಿ. ಅದುವರೆಗೆ ನಮ್ಮ ಹುಡುಗರು ತಮ್ಮ ನಾಡಿನಲ್ಲಿಯೇ ದೇಶಾಂತರದ ವಿದ್ಯಾರ್ಥಿಗಳಾಗಿದ್ದರೆಂದರೆ ಅತಿಶಯೋಕ್ತಿಯಾಗದು.

ಈ ಸಂಕಟದ ಕಾಲದಲ್ಲಿ ಸಮಾಜವು ಎಚ್ಚತ್ತಿತು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ಎಜ್ಯುಕೇಶನ್ ಫಂಡ್ ಸಂಸ್ಥೆಯು ಹುಟ್ಟಿ ಬಡ ವಿದ್ಯಾರ್ಥಿಗಳಿಗೆ ವೇತನಗಳನ್ನು ಕೊಡತೊಡಗಿತು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಪತ್ತನ್ನು ವಿದ್ಯಾರ್ಥಿಗಳಿಗಾಗಿ ಬಿಟ್ಟುಹೋದರು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮುಂದಕ್ಕೆ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ ಹೀಗೆ ಒಂದೊಂದು ಸಮಾಜಕ್ಕೆ ಒಂದೊಂದು ವಸತಿಗೃಹವನ್ನು ಪ್ರೋತ್ಸಾಹಿಸಿದರು. ನಮ್ಮ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು 1916ರಲ್ಲಿ ಸ್ಥಾಪಿತವಾಯಿತು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳವರು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಮುಂದೆ ನಾಡಿನ ನಾನಾ ಕಾರ್ಯಕ್ಷೇತ್ರಗಳನ್ನು ತುಂಬಿದರು.

ಈ ವಸತಿಗೃಹಗಳಲ್ಲಿ ಅನೇಕವು ಆರಂಭದಲ್ಲಿ ಒಂದೊಂದು ಸಮಾಜದ ಹುಡುಗರಿಗಾಗಿಯೇ ಹುಟ್ಟಿದುವೆಂಬದು ನಿಜ. ಆ ಕಾಲದಲ್ಲಿ ಸಹಪಂಕ್ತಿಯ ಪ್ರಶ್ನೆಯು ಎಷ್ಟು ತೊಡಕಿನದಾಗಿದ್ದಿತೆಂಬದನ್ನು ಬಲ್ಲವರು ಇದನ್ನು ಬೇಗನೆ ದೂಷಿಸಲಾರರು. ಆದರೆ ಅಲ್ಲಿಯೇ ನಿಂತಿದ್ದರೆ ಅವುಗಳ ಕಥೆಯು ಸಾಲೋಟಗಿಯ ಕಥೆಯ ಪುನರಾವೃತ್ತಿಯಾಗುತ್ತಿತ್ತು. ಹಾಗೆ ನಿಲ್ಲದೆ ಮುಂದೆ ಸಾಗಿದವರು ಕೆಲವರು ನಮ್ಮಲ್ಲಿ ಹುಟ್ಟಿದರು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರೂ ನಾಗಮ್ಮತಾಯಿಯವರೂ ಅಸ್ಪೃಶ್ಯರೆನಿಸಿಕೊಂಡಿದ್ದ ಸಮಾಜಗಳ ಬಾಲಿಕೆಯರಿಗಾಗಿ ಆಶ್ರಮವನ್ನು ನಡೆಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳವರೂ ಅವರ ತರುವಾಯ ಪುಟ್ಟರಾಜ ಗವಾಯಿಗಳವರೂ, ತಾವು ಅಂಧರಾಗಿದ್ದು, ಅಂಧರಿಗೂ ಅನಾಥರಿಗೂ ಕುಲಗೋತ್ರಗಳನ್ನು ಕೇಳದೆ ಅನ್ನವನ್ನಿಕ್ಕಿ ಸಂಗೀತವನ್ನು ಕಲಿಸಿದರು. ಕೋಡಿಯ ಮಠದ ಶಾಸನದಲ್ಲಿ ಕುರುಡನೂ ಗಾಯಕನೂ ಒಂದೇ ಪಂಕ್ತಿಯಲ್ಲಿ ಉಂಡರೆಂದು ಓದಿದ್ದೇವಷ್ಟೆ. ಗದುಗಿನಲ್ಲಿ ಕುರುಡನೇ ಗಾಯಕನಾಗಿ, ಗಾಯಕನೇ ಗುರುವಾಗಿ, ಗುರುವೇ ಅನ್ನದಾತನಾದದ್ದನ್ನು ನಾಡು ಕಂಡಿತು.

ಮೈಸೂರಿನಲ್ಲಿ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1941ರಲ್ಲಿ ಉಚಿತ ವಿದ್ಯಾರ್ಥಿ ನಿಲಯವನ್ನು ತೆರೆದರು. ಅದು ಮಹಾಯುದ್ಧದ ಕಾಲ, ಧಾನ್ಯವು ದುರ್ಲಭವಾಗುತ್ತಲಿತ್ತು. ಅದೇ 1941ರಲ್ಲಿ ತುಮಕೂರಿನ ಸಿದ್ಧಗಂಗೆಯ ಹೊಣೆಯನ್ನು ಶ್ರೀ ಉದ್ದಾನ ಶಿವಯೋಗಿಗಳವರ ತರುವಾಯ ಶ್ರೀ ಶಿವಕುಮಾರ ಸ್ವಾಮಿಗಳವರು ವಹಿಸಿಕೊಂಡರು. ಶ್ರೀಗಳವರು ಜೋಳಿಗೆಯನ್ನು ಹಿಡಿದು ಹಳ್ಳಿಹಳ್ಳಿಗೆ ಹೋದರು. ರೈತರು ರಾಗಿಯನ್ನೂ ತೆಂಗನ್ನೂ ಸೌದೆಯನ್ನೂ ಮಠಕ್ಕೆ ಹೊತ್ತು ತಂದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಮಠದಲ್ಲಿ ಎಲ್ಲ ಜಾತಿ ಮತಗಳಿಗೂ ಸೇರಿದ ಸಹಸ್ರಾರು ಮಕ್ಕಳು ವಾಸಿಸುತ್ತಿದ್ದರು. ಪಾವಿಟ್ಟಗೆಯ ಮದುವೆಯ ಮನೆಯ ಐದು ನಾಣ್ಯಗಳಿಗೂ ತುಮಕೂರು ಸೀಮೆಯ ರೈತನ ಒಂದು ಚೀಲ ರಾಗಿಗೂ ಸಾವಿರ ವರುಷಗಳ ಅಂತರವಿದ್ದರೂ ಬಗೆಯು ಒಂದೇ. ಆದರೆ ಬಾಗಿಲು ಒಂದೇ ಅಲ್ಲ. ಈ ಬಾಗಿಲಿನಲ್ಲಿ ರಾಗಿ ಬೆಳೆದವನ ಮಗನೂ ಒಳಕ್ಕೆ ಹೋದನು. ಹೊಲವಿಲ್ಲದ ಕೂಲಿಯವನ ಮಗನೂ ಹೋದನು.

ಇನ್ನು ಕಡಲಾಚೆಯ ನಿಲಯಗಳು ಹುಟ್ಟಿದ ಬಗೆಯನ್ನು ನೋಡೋಣ. 1888ರಲ್ಲಿ ಲಂಡನ್ನಿಗೆ ಹೋದ ತರುಣ ಮೋಹನದಾಸ ಗಾಂಧಿಯವರು ಮಾಂಸವಿಲ್ಲದ ಊಟಕ್ಕಾಗಿ ಬೀದಿಬೀದಿ ಅಲೆದು ಅರೆಹೊಟ್ಟೆಯಲ್ಲಿ ದಿನಗಳೆದುದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪರದೇಶದಲ್ಲಿ ವಿದ್ಯಾರ್ಥಿಯ ಮೊದಲನೆಯ ಪಾಠವು ಹಸಿವೆಯದೇ ಆಗಿರುವದು, ಎರಡನೆಯದು ಏಕಾಂತದ್ದು. ನ್ಯೂಯಾರ್ಕಿನಲ್ಲಿ 1909ರ ಒಂದು ಬೆಳಿಗ್ಗೆ ಹ್ಯಾರಿ ಎಡ್ಮಂಡ್ಸ್ ಎಂಬ ಗೃಹಸ್ಥರು ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಎದುರಾದ ಒಬ್ಬ ಚೀನೀ ವಿದ್ಯಾರ್ಥಿಗೆ ವಾಡಿಕೆಯಂತೆ ಶುಭೋದಯವನ್ನು ಹೇಳಿದರು. ಆ ತರುಣನು ನಿಂತು, ತಾನು ಈ ನಗರಕ್ಕೆ ಬಂದು ಮೂರು ವಾರಗಳಾದುವೆಂದೂ ತನ್ನೊಡನೆ ಮಾತನಾಡಿದವರಲ್ಲಿ ಅವರೇ ಮೊದಲಿಗರೆಂದೂ ಹೇಳಿದನು. ಎಡ್ಮಂಡ್ಸರೂ ಅವರ ಪತ್ನಿಯವರೂ ಆತನನ್ನೂ ಆತನಂತಹ ಇತರರನ್ನೂ ಭಾನುವಾರದ ಊಟಕ್ಕೆ ಮನೆಗೆ ಕರೆಯತೊಡಗಿದರು. ಆ ಊಟದ ಪಂಕ್ತಿಯೇ ಬೆಳೆದು, ಧನಿಕ ರಾಕ್‌ಫೆಲ್ಲರರ ಸಹಾಯದಿಂದ 1924ರಲ್ಲಿ ಅಂತರರಾಷ್ಟ್ರೀಯ ನಿಲಯವಾಯಿತು. ಅಂತಹ ಭವ್ಯ ಸೌಧದ ಬೀಜವೂ ಒಂದು ಗೃಹಿಣಿಯ ಅಡಿಗೆಮನೆಯಲ್ಲಿಯೇ ಮೊಳೆಯಿತೆಂಬದು ದಾಸೋಹವನ್ನು ಬಲ್ಲ ನಮಗೆ ಆಶ್ಚರ್ಯವನ್ನುಂಟುಮಾಡದು.

ಆದರೆ ಬರ್ಕ್ಲಿಯಲ್ಲಿ ಇದೇ ಕಾರ್ಯವು ಸುಲಭವಾಗಿ ನಡೆಯಲಿಲ್ಲ. ಬಿಳಿಯರೂ ಕರಿಯರೂ ಏಷ್ಯಾದವರೂ, ಸ್ತ್ರೀಯರೂ ಪುರುಷರೂ ಒಂದೇ ಕಟ್ಟಡದಲ್ಲಿ ವಾಸಿಸುವರೆಂಬದನ್ನು ಕೇಳಿ ಆ ಊರಿನವರು ಎಂಟುನೂರಕ್ಕೂ ಹೆಚ್ಚು ಮಂದಿ ಸಭೆ ಸೇರಿ ಪ್ರತಿಭಟಿಸಿದರು. ಬಾಡಿಗೆಯ ಮನೆಗಳ ಒಡೆಯರು ಅನ್ಯವರ್ಣದವರು ತಮ್ಮ ಊರನ್ನು ತುಂಬುವರೆಂದು ಅಂಜಿದರು. ಆ ವೇಳೆಯಲ್ಲಿ ಡೆಲೈಲಾ ಬೀಸ್ಲಿ ಎಂಬ ಕರಿಯ ಪತ್ರಕರ್ತೆಯು ನಿಲಯದ ಪಕ್ಷವನ್ನು ಹಿಡಿದು ಧೈರ್ಯದಿಂದ ಮಾತನಾಡಿದಳು. ಪರದೇಶದವರನ್ನೂ ಅನ್ಯವರ್ಣದವರನ್ನೂ ಸೇರಿಸದ ವಿದ್ಯಾರ್ಥಿ ಸಂಘಗಳ ಮನೆಗಳಿದ್ದ ಬೀದಿಯಲ್ಲಿಯೇ 1930ರಲ್ಲಿ ಆ ನಿಲಯವು ಎದ್ದು ನಿಂತಿತು. ಬಾಗಿಲನ್ನು ಅಗಲ ಮಾಡುವದು ಯಾವ ದೇಶದಲ್ಲಿಯೂ ವಿರೋಧವಿಲ್ಲದೆ ಆದ ಕಾರ್ಯವಲ್ಲ. ಅಲ್ಲಿ ವರ್ಣವು ಅಡ್ಡಬಂದಿತು, ಇಲ್ಲಿ ಕುಲವು ಅಡ್ಡಬಂದಿತು, ಇಷ್ಟೇ ಭೇದ.

ಸ್ವಾತಂತ್ರ್ಯಾನಂತರ ನಮ್ಮ ನಾಡೇ ಪರದೇಶದ ವಿದ್ಯಾರ್ಥಿಗಳಿಗೆ ಮತ್ತೆ ನೆಲೆಯಾಯಿತು. ಟಿಬೇಟದಿಂದ ನಿರಾಶ್ರಿತರಾಗಿ ಬಂದವರಿಗೆ ಅಂದಿನ ಮೈಸೂರು ರಾಜ್ಯವು 1960ರಲ್ಲಿ ಬೈಲುಕುಪ್ಪೆಯಲ್ಲಿಯೂ, ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ 1966ರಲ್ಲಿ ಮುಂಡಗೋಡಿನಲ್ಲಿಯೂ ವಸತಿಯನ್ನು ಕಲ್ಪಿಸಿತು. ತಮ್ಮ ದೇಶದಲ್ಲಿ ಕಳೆದುಕೊಂಡ ಸೆರಾ, ಡ್ರೆಪುಂಗ್, ಗಾಂದೆನ್ ಎಂಬ ಮಹಾವಿಹಾರಗಳನ್ನು ಅವರು ಈ ಎರಡು ಸ್ಥಳಗಳಲ್ಲಿ ಪುನಃ ಕಟ್ಟಿದರು. ಇಂದು ಅಲ್ಲಿ ಟಿಬೇಟದವರಲ್ಲದೆ ನೇಪಾಳ, ಭೂತಾನ, ಮಂಗೋಲಿಯಾ ದೇಶಗಳ ಭಿಕ್ಷುವಿದ್ಯಾರ್ಥಿಗಳೂ ಓದುತ್ತಿದ್ದಾರೆ. ನಾಲಂದೆಯ ತರ್ಕಗ್ರಂಥಗಳನ್ನು ಕನ್ನಡದ ನೆಲದಲ್ಲಿ ಹಿಮಾಲಯದಾಚೆಯ ತರುಣರು ಗಟ್ಟಿಯಾದ ದನಿಯಲ್ಲಿ ವಾದಿಸುತ್ತಿರುವದು ಕಾಲಚಕ್ರದ ಒಂದು ವಿಚಿತ್ರ ತಿರುವೇ ಸರಿ.

ಇಷ್ಟು ದೂರ ಹೋಗುವದೇಕೆ? ನಮ್ಮ ಹಂಪೆ ದರೋಜಿಗಳ ಸೀಮೆಯೇ ಇದಕ್ಕೆ ಸಾಕ್ಷಿಯಾಗಿದೆ. 1980ರಿಂದ ಮುಂದಕ್ಕೆ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ಎಂಬ ಇಬ್ಬರು ವ್ಯಾಸಂಗಿಗಳು ಕರ್ನಾಟಕದ ಪುರಾತತ್ತ್ವ ಇಲಾಖೆಯ ಸಹಕಾರದಿಂದ ಹಂಪೆಯ ಅವಶೇಷಗಳ ಸಂಶೋಧನೆಯನ್ನು ಕೈಕೊಂಡರು. ವರುಷ ವರುಷವೂ ಚಳಿಗಾಲದಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳೂ ನಮ್ಮ ದೇಶದ ವಿದ್ಯಾರ್ಥಿಗಳೂ ಅವರ ಬಿಡಾರದಲ್ಲಿ ಕೂಡಿ ವಾಸಿಸಿ ಪಾಳುಗೋಡೆಗಳನ್ನು ಅಳೆದು ಚಿತ್ರಿಸಿದರು. ಆ ದಶಕದ ಕೊನೆಯಲ್ಲಿ ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಎಂಬ ವಿದುಷಿಯರು ರಾಜಧಾನಿಯ ಸುತ್ತಣ ಕೆರೆ ಕಾಲುವೆ ಹೊಲಗಳನ್ನು ನಡೆದು ಪರೀಕ್ಷಿಸಿದರು. ಮಾರಿಸನ್ನರು 2009ರಲ್ಲಿ ಪ್ರಕಟಿಸಿದ ಒಂದು ಗ್ರಂಥವು ಸಂಪೂರ್ಣವಾಗಿ ದರೋಜಿಯ ಕಣಿವೆಯನ್ನೇ ಕುರಿತದ್ದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನಮ್ಮ ಹಿರಿಯರು ಕೆರೆಗಳ ಸಾಲನ್ನು ಹೇಗೆ ಕಟ್ಟಿ ನೀರನ್ನು ಹಿಡಿದರೆಂಬದನ್ನು ಲೋಕದ ವಿದ್ವಾಂಸರು ಇಂದು ಆ ಪುಸ್ತಕದಿಂದ ಓದುತ್ತಾರೆ. 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವೂ ದರೋಜಿಗೆ ಸಮೀಪದಲ್ಲಿಯೇ ಇರುವದರಿಂದ ಈ ಸೀಮೆಗೆ ವಿದ್ಯಾರ್ಥಿಗಳ ಬರವು ಹೊಸದಲ್ಲ. ಪರದೇಶದ ವಿದ್ಯಾರ್ಥಿಗೆ ಇಲ್ಲಿಯ ಜನರು ನೀರು ನೆರಳು ಕೊಟ್ಟರು. ಆ ವಿದ್ಯಾರ್ಥಿಯು ನಮ್ಮ ಕೆರೆಯ ಕಥೆಯನ್ನು ನಮಗೇ ಮರಳಿ ಕೊಟ್ಟನು. ಆಶ್ರಯವಿತ್ತವನು ನಷ್ಟಪಡುವದಿಲ್ಲವೆಂಬದು ಇದರಿಂದ ಸ್ಪಷ್ಟವಾಗುವದು.

ದರೋಜಿಯ ಕೆರೆಯನ್ನು ಕಂಡವರು ಒಂದು ಸಂಗತಿಯನ್ನು ಬಲ್ಲರು. ಮೇಲಣ ಕೆರೆಯು ತುಂಬಿ ಕೋಡಿ ಬಿದ್ದರೆ ಕೆಳಗಣ ಕೆರೆಗೆ ನೀರು ಬರುವದು. ಕೋಡಿಯನ್ನು ಮುಚ್ಚಿ ನೀರೆಲ್ಲವೂ ತನಗೇ ಇರಲೆಂದರೆ ಕೆಳಗಣ ಹೊಲವು ಒಣಗುವದಷ್ಟೇ ಅಲ್ಲ, ತನ್ನ ಏರಿಯೇ ಒಡೆಯುವದು. ವಿದ್ಯಾಸಂಸ್ಥೆಗಳಿಗೂ ಇದೇ ಧರ್ಮ. ಒಂದು ಸಮಾಜವು ತನ್ನ ಮಕ್ಕಳಿಗಾಗಿ ಕಟ್ಟಿದ ನಿಲಯವು ತುಂಬಿದ ಮೇಲೆ ಇತರರ ಕಡೆಗೆ ಹರಿಯಲೇಬೇಕು.

ಈ ಮಾತನ್ನು ಇಂದು ಹೇಳುವದಕ್ಕೆ ಕಾರಣವುಂಟು. ನಮ್ಮ ರಾಜ್ಯದ ವಿದ್ಯಾಲಯಗಳಲ್ಲಿ ಈಗ ಆಫ್ರಿಕದ, ಪಶ್ಚಿಮ ಏಷ್ಯಾದ, ನೆರೆಯ ದೇಶಗಳ ವಿದ್ಯಾರ್ಥಿಗಳು ಓದುತ್ತಿದ್ದಾರೆ. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನಲ್ಲಿ, ಬೇರೊಬ್ಬ ಪರದೇಶೀಯನ ವಾಹನದಿಂದಾದ ಮರಣಕ್ಕಾಗಿ ಉದ್ರಿಕ್ತವಾದ ಗುಂಪೊಂದು, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯ ದೇಶದ ಒಬ್ಬ ವಿದ್ಯಾರ್ಥಿನಿಯನ್ನು ಹೊಡೆದು ಅವಮಾನಪಡಿಸಿತು. ಬಣ್ಣವೊಂದೇ ಅವಳ ಅಪರಾಧವಾಗಿದ್ದಿತು. ನಾನಾ ದೇಶದ ಭಿಕ್ಷುಗಳಿಗೆ ಅನ್ನವಿಡುವೆವೆಂದು ಕಲ್ಲಿನಲ್ಲಿ ಬರೆದುಕೊಂಡ ನಾಡಿನಲ್ಲಿ ಇದು ನಡೆಯಿತೆಂಬದನ್ನು ನಾವು ಮರೆಯಬಾರದು. ಶಾಸನವನ್ನು ಓದಿ ಹೆಮ್ಮೆಪಡುವ ಹಕ್ಕು ಅದರಂತೆ ನಡೆಯುವವರಿಗೆ ಮಾತ್ರ ಸಲ್ಲುವದು.

ಇದಕ್ಕೆ ಪರಿಹಾರವಾಗಿ ಮಹಾಸೌಧಗಳನ್ನೇ ಕಟ್ಟಬೇಕೆಂದಿಲ್ಲ. ಪಾವಿಟ್ಟಗೆಯ ಗೃಹಸ್ಥರಂತೆ ನಮ್ಮ ಮನೆಯ ಮಂಗಲಕಾರ್ಯದಲ್ಲಿ ಒಂದು ಪಾಲನ್ನು ದೂರದ ವಿದ್ಯಾರ್ಥಿಗಾಗಿ ಎತ್ತಿಡಬಹುದು. ಜಾತ್ರೆ ಉತ್ಸವಗಳ ದಿನ ಸಮೀಪದ ವಿದ್ಯಾಲಯದಲ್ಲಿರುವ ಪರದೇಶದ ಮಕ್ಕಳನ್ನು ಪಂಕ್ತಿಗೆ ಕರೆಯಬಹುದು. ಮಠದ ನಿಲಯದಲ್ಲಿ ಅಂತಹವರಿಗಾಗಿ ಒಂದೆರಡು ಕೋಣೆಗಳನ್ನು ಮೀಸಲಿರಿಸಿ, ಅವರಿಂದ ಅವರ ದೇಶದ ನುಡಿಯನ್ನೂ ಹಾಡನ್ನೂ ನಮ್ಮ ಮಕ್ಕಳು ಕೇಳುವಂತೆ ಮಾಡಬಹುದು. ಏನೂ ಸಾಧ್ಯವಾಗದವನು ದಾರಿಯಲ್ಲಿ ಕಂಡಾಗ ಒಂದು ಶರಣಾರ್ಥಿಯನ್ನಾದರೂ ಹೇಳಬಹುದು; ಮೂರು ವಾರ ಮಾತಿಲ್ಲದೆ ಇದ್ದವನಿಗೆ ಅದರ ಬೆಲೆಯು ತಿಳಿದಿರುವದು.

ಮಹೋತ್ಸವದ ನಿಮಿತ್ತ ಕೂಡಿದ ಸದ್ಭಕ್ತರು ಹಿಂದಿನ ಸೇವೆಯನ್ನು ಎಣಿಸುವದು ಯೋಗ್ಯವಾಗಿದೆ. ಎಷ್ಟು ಮಕ್ಕಳು ಉಂಡರು, ಎಷ್ಟು ಮಂದಿ ಓದಿ ದೊಡ್ಡವರಾದರು ಎಂಬ ಲೆಕ್ಕವು ಸಂತೋಷಕರವಾದದ್ದು. ಅದರೊಡನೆ ಇನ್ನೊಂದು ಲೆಕ್ಕವನ್ನೂ ಬರೆದಿಡೋಣ: ಕಳೆದ ವರುಷ ನಮ್ಮ ಬಾಗಿಲಿಗೆ ಬಂದವರಲ್ಲಿ ಯಾರನ್ನು ಹಿಂದಕ್ಕೆ ಕಳುಹಿಸಿದೆವು, ಏಕೆ ಕಳುಹಿಸಿದೆವು. ಆ ಪಟ್ಟಿಯು ವರುಷದಿಂದ ವರುಷಕ್ಕೆ ಚಿಕ್ಕದಾಗುತ್ತ ಬಂದರೆ ಮುಂದಿನ ಮಹೋತ್ಸವದ ಸಂಪುಟವನ್ನು ಬರೆಯುವವರಿಗೆ ನಾವು ಒಳ್ಳೆಯ ಇತಿಹಾಸವನ್ನು ಬಿಟ್ಟುಹೋದಂತಾಗುವದು.